ದುಡಿಯುವವನ ಮನಸ್ಸು ಯಾರ ಹೊಣೆ?

ಕೆಲಸ ಮಾಡುತ್ತಿದ್ದ ಒಬ್ಬ ಕಾರ್ಮಿಕನ ಕೈ ಯಂತ್ರಕ್ಕೆ ಸಿಕ್ಕಿ ಗಾಯವಾದರೆ ನಾವು ಏನು ಮಾಡುತ್ತೇವೆ? ಕೂಡಲೇ ಯಂತ್ರ ನಿಲ್ಲಿಸಿ ಅವನನ್ನು ಆಸ್ಪತ್ರೆಗೆ ಒಯ್ಯುತ್ತೇವೆ. ಚಿಕಿತ್ಸೆಯ ಖರ್ಚನ್ನು ಮಾಲಕನೇ ಕೊಡಬೇಕೆಂದು ನಾಲ್ಕು ಜನ ಹೇಳುತ್ತಾರೆ. ಕೊಡದಿದ್ದರೆ ಅವನನ್ನು ಕರುಣೆಯಿಲ್ಲದವನೆಂದು ಜರೆಯುತ್ತಾರೆ. ಆದರೆ ಅದೇ ಕಾರ್ಮಿಕನು ಮೂರು ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲದೆ, ಊಟ ಸೇರದೆ, ಯಾರೊಡನೆಯೂ ಮಾತಾಡದೆ, ಯಂತ್ರದ ಮುಂದೆ ಕುಳಿತು ಸುಮ್ಮನೆ ಗೋಡೆ ನೋಡುತ್ತಿದ್ದರೆ? ಆಗ ನಮ್ಮ ಮಾತೇ ಬೇರೆಯಾಗುತ್ತದೆ. 'ಸೋಮಾರಿಯಾಗಿದ್ದಾನೆ' ಎನ್ನುತ್ತೇವೆ. 'ಮನೆಯಲ್ಲಿ ಏನೋ ಜಗಳವಿರಬೇಕು, ನಮಗೇಕೆ?' ಎನ್ನುತ್ತೇವೆ. ನಾಲ್ಕು ದಿನ ಕಳೆದ ಮೇಲೆ 'ನಾಳೆಯಿಂದ ಬರಬೇಡ' ಎನ್ನುತ್ತೇವೆ.

ಮುರಿದ ಬೆರಳಿಗೆ ಒಂದು ನ್ಯಾಯ, ಮುರಿದ ಮನಸ್ಸಿಗೆ ಇನ್ನೊಂದು ನ್ಯಾಯ. ಇದು ಎಷ್ಟರ ಮಟ್ಟಿಗೆ ಸರಿ? ಒಬ್ಬನ ದುಡಿಮೆಯಿಂದ ಲಾಭ ಪಡೆಯುವವನಿಗೆ ಅವನ ಮನಸ್ಸಿನ ವಿಷಯದಲ್ಲಿಯೂ ಹೊಣೆಗಾರಿಕೆ ಇದೆಯೇ? ಇದ್ದರೆ ಎಷ್ಟು? ಈ ಪ್ರಶ್ನೆಯನ್ನು ನಾವು ಸ್ವಲ್ಪ ತಾಳ್ಮೆಯಿಂದ ಪರಿಶೀಲಿಸಬೇಕಾಗಿದೆ.

ದುಡಿಮೆಯ ಊರು

ಬಳ್ಳಾರಿಯ ಪಾರ್ವತಿನಗರದಂತಹ ಒಂದು ಬಡಾವಣೆಯಲ್ಲಿ ಬೆಳಗಿನ ಹೊತ್ತು ನಿಂತು ನೋಡಿ. ಅಂಗಡಿಯ ಬಾಗಿಲು ತೆರೆಯುವ ಹುಡುಗ, ಆಸ್ಪತ್ರೆಯ ಆಯಾ, ಖಾಸಗಿ ಶಾಲೆಯ ಶಿಕ್ಷಕಿ, ಕಛೇರಿಯ ಗುಮಾಸ್ತ, ಕಾವಲುಗಾರ — ಹೀಗೆ ಪ್ರತಿಯೊಬ್ಬರೂ ಇನ್ನೊಬ್ಬರ ಕೈಕೆಳಗೆ ದುಡಿಯಲು ಹೊರಟವರು. ನಗರದ ಇನ್ನಿತರ ಗಲ್ಲಿಗಳಿಗೆ ಹೋದರೆ ಜೀನ್ಸ್ ಹೊಲಿಯುವ ನೂರಾರು ಸಣ್ಣ ಘಟಕಗಳು ಸಿಗುತ್ತವೆ. ಒಂದು ಕಡೆ ಬಟ್ಟೆ ಕತ್ತರಿಸುತ್ತಾರೆ, ಮತ್ತೊಂದು ಕಡೆ ಹೊಲಿಯುತ್ತಾರೆ, ಇನ್ನೊಂದು ಕಡೆ ತೊಳೆದು ಇಸ್ತ್ರಿ ಮಾಡುತ್ತಾರೆ. ನೂಲು ಕತ್ತರಿಸುವ, ಗುಂಡಿ ಹಾಕುವ ಕೆಲಸ ಮನೆಮನೆಗಳಲ್ಲಿ ಹೆಂಗಸರ ಕೈಯಲ್ಲಿ ನಡೆಯುತ್ತದೆ. ಸಿರುಗುಪ್ಪ ಮತ್ತು ಕುರುಗೋಡಿನ ಕಡೆ ತುಂಗಭದ್ರೆಯ ಕಾಲುವೆ ನೀರಿನ ಗದ್ದೆಗಳು, ಅಕ್ಕಿ ಗಿರಣಿಗಳು, ಹಮಾಲರು. ಸಂಡೂರಿನ ಕಡೆ ಅದಿರಿನ ಗಣಿ, ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ. ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುವ ಈ ನಾಡಿನಲ್ಲಿ ತಗಡಿನ ಸೂರಿನ ಕೆಳಗೆ ಹೊಲಿಗೆ ಯಂತ್ರ ತುಳಿಯುವುದೆಂದರೆ ಏನೆಂದು ವಿವರಿಸಿ ಹೇಳಬೇಕಾಗಿಲ್ಲ.

ಇಂತಹ ಕೆಲಸಗಳಲ್ಲಿ ಹೆಚ್ಚಿನವುಗಳಿಗೆ ತಿಂಗಳ ಸಂಬಳವಿಲ್ಲ. ಪೀಸಿನ ಲೆಕ್ಕ, ಇಲ್ಲವೇ ದಿನದ ಕೂಲಿ. ಪೀಸಿನ ಲೆಕ್ಕದಲ್ಲಿ ಒಂದು ಕ್ರೂರ ಸುತ್ತು ಅಡಗಿದೆ. ಮನಸ್ಸು ಕುಗ್ಗಿದವನ ಕೈ ನಿಧಾನವಾಗುತ್ತದೆ. ಕೈ ನಿಧಾನವಾದರೆ ಪೀಸು ಕಡಿಮೆ, ಪೀಸು ಕಡಿಮೆಯಾದರೆ ಕೂಲಿ ಕಡಿಮೆ. ಕೂಲಿ ಕಡಿಮೆಯಾದಾಗ ಮಾಲಕನಲ್ಲಿ ಮುಂಗಡ ಕೇಳಬೇಕಾಗುತ್ತದೆ. ಮುಂಗಡ ತೀರುವ ತನಕ ಬೇರೆ ಕಡೆ ಹೋಗುವಂತಿಲ್ಲ. ಬೈದರೂ ಕೇಳಿಕೊಂಡಿರಬೇಕು. ಅದರಿಂದ ಮನಸ್ಸು ಮತ್ತಷ್ಟು ಕುಗ್ಗುತ್ತದೆ. ಜ್ವರ ಬಂದವನು ಒಂದು ದಿನ ಮಲಗಿದರೆ ಆ ದಿನದ ಕೂಲಿ ಮಾತ್ರ ಹೋಗುತ್ತದೆ. ಖಿನ್ನತೆಗೆ ಸಿಕ್ಕಿದವನದು ಒಂದು ದಿನದ ಲೆಕ್ಕವಲ್ಲ.

ಕೆಲಸ ಇದ್ದಕ್ಕಿದ್ದಂತೆ ನಿಂತುಹೋಗುವುದೂ ಅಷ್ಟೇ ದೊಡ್ಡ ಹೊರೆ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ನೀಡಿತು. ಅಕ್ರಮಗಳನ್ನು ತಡೆಯಲು ಆ ಕ್ರಮ ಬೇಕಾಗಿತ್ತು ಎಂಬುದು ನಿಜ. ಆದರೆ ಲೂಟಿ ಮಾಡಿದವರೊಂದಿಗೆ, ಸಾಲ ಮಾಡಿ ಲಾರಿ ಕೊಂಡವನೂ ಅದನ್ನು ಓಡಿಸುತ್ತಿದ್ದ ಚಾಲಕನೂ ಅದಿರು ತುಂಬುತ್ತಿದ್ದ ಕೂಲಿಯವನೂ ಒಂದೇ ದಿನ ಬರಿಗೈಯಾದರು. ಅವರ ಮನೆಗಳಲ್ಲಿ ಆ ರಾತ್ರಿಗಳು ಹೇಗೆ ಕಳೆದವೆಂದು ಯಾರಾದರೂ ವಿಚಾರಿಸಿದರೇ?

ಬಳ್ಳಾರಿ ಕಲಿಸಿದ ಪಾಠ

ಇಲ್ಲಿ ಒಂದು ವಿಷಯವನ್ನು ನಾವು ಅಭಿಮಾನದಿಂದ ನೆನಪಿಸಿಕೊಳ್ಳಬೇಕು. ಬಡ ನಾಡುಗಳಲ್ಲಿ ಮನೋರೋಗಿಗಳಿಗೆ ಚಿಕಿತ್ಸೆ ತಲುಪಿಸುವುದು ಹೇಗೆಂಬ ಪ್ರಶ್ನೆಗೆ ಇಡೀ ಭಾರತಕ್ಕೆ ದಾರಿ ತೋರಿಸಿದ್ದು ಇದೇ ಬಳ್ಳಾರಿ ಜಿಲ್ಲೆ.

1982ರಲ್ಲಿ ಭಾರತ ಸರಕಾರವು ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಪ್ರಕಟಿಸಿತು. ಆದರೆ ಕಾಗದದ ಮೇಲಿನ ಯೋಜನೆಯನ್ನು ಹಳ್ಳಿಗೆ ಒಯ್ಯುವುದು ಹೇಗೆ? ಮನೋವೈದ್ಯರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಹೆಚ್ಚಿನವರು ದೊಡ್ಡ ನಗರಗಳಲ್ಲಿದ್ದವರು. ಆಗ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು 1985ರಿಂದ 1990ರ ವರೆಗೆ ಒಂದು ಪ್ರಯೋಗ ನಡೆಸಿತು. ಅಂದಿನ ಜಿಲ್ಲೆಯ ಜನಸಂಖ್ಯೆ 15 ಲಕ್ಷಕ್ಕೂ ಹೆಚ್ಚು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸುವ ತರಬೇತಿ ನೀಡಲಾಯಿತು. ಬಗೆಬಗೆಯ ಔಷಧಿಗಳ ಬದಲು ಅತ್ಯಗತ್ಯವಾದ ಕೆಲವೇ ಔಷಧಿಗಳನ್ನು ಕೇಂದ್ರಗಳಲ್ಲಿ ಸದಾ ದೊರಕುವಂತೆ ಮಾಡಲಾಯಿತು. ಸರಳವಾದ ದಾಖಲೆ ಪುಸ್ತಕ, ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ಒಂದು ತಂಡ, ತಿಂಗಳಿಗೊಮ್ಮೆ ಪರಿಶೀಲನೆ — ಇಷ್ಟೇ ಆ ಯೋಜನೆಯ ಬಂಡವಾಳ. ಬೆಂಗಳೂರಿಗೆ ಮುನ್ನೂರು ಕಿಲೋಮೀಟರ್ ಹೋಗಬೇಕಾಗಿದ್ದ ರೋಗಿಗೆ ತನ್ನ ಹತ್ತಿರದ ಹೋಬಳಿಯಲ್ಲಿಯೇ ಮಾತ್ರೆ ಸಿಕ್ಕಿತು. ಇದೇ 'ಬಳ್ಳಾರಿ ಮಾದರಿ' ಎಂದು ಹೆಸರಾಯಿತು. 1996ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ತಳಹದಿಯಾಯಿತು.

ಈ ಪ್ರಯೋಗದ ತಿರುಳು ಏನು? ತಜ್ಞನು ಬರುವ ತನಕ ಕಾಯಬೇಡಿ. ರೋಗಿಯ ಹತ್ತಿರ ಈಗಾಗಲೇ ಯಾರಿದ್ದಾರೋ ಅವರಿಗೆ ಕಲಿಸಿ. ಮುಂದೆ ಆಫ್ರಿಕಾದ ಜಿಂಬಾಬ್ವೆಯಲ್ಲಿ ಡಾ. ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು 2006ರಲ್ಲಿ ಹರಾರೆಯ ಆಸ್ಪತ್ರೆಗಳ ಅಂಗಳದಲ್ಲಿ ಮರದ ಬೆಂಚು ಹಾಕಿಸಿ, ಊರಿನ ಅಜ್ಜಿಯರಿಗೆ ತರಬೇತಿ ಕೊಟ್ಟು, ನೊಂದವರ ಮಾತು ಕೇಳಲು ಕೂರಿಸಿದ್ದೂ ಇದೇ ತತ್ವದ ಮೇಲೆ.

ಹಾಗಾದರೆ ದುಡಿಯುವವನ ಹತ್ತಿರ ದಿನದ ಹತ್ತು ಹನ್ನೆರಡು ಗಂಟೆ ಇರುವವರು ಯಾರು? ಅವನ ಮೇಸ್ತ್ರಿ, ಅವನ ಮಾಲಕ, ಪಕ್ಕದ ಯಂತ್ರದ ಜೊತೆಗಾರ. ಒಬ್ಬನ ಮುಖ ಬಾಡಿದ್ದನ್ನು ವೈದ್ಯನಿಗಿಂತ ಮೊದಲು ಕಾಣುವವರು ಇವರೇ. ವಾಸ್ತವದಲ್ಲಿ ಹನ್ನೊಂದನೆಯ ಪಂಚವಾರ್ಷಿಕ ಯೋಜನೆಯ (2007-12) ಕಾಲದಲ್ಲಿ ಕೆಲಸದ ಸ್ಥಳದ ಒತ್ತಡ ನಿವಾರಣೆಯನ್ನೂ ಜಿಲ್ಲಾ ಕಾರ್ಯಕ್ರಮದಲ್ಲಿ ಸೇರಿಸಲಾಯಿತು. ಆದರೆ ಅನೇಕ ಜಿಲ್ಲೆಗಳಲ್ಲಿ ಮನೋವೈದ್ಯರ ಕೊರತೆಯಿಂದಲೂ ಮಂಜೂರಾದ ಹಣ ಬಳಕೆಯಾಗದೆ ಉಳಿದದ್ದರಿಂದಲೂ ಈ ಕಾರ್ಯಕ್ರಮ ಕುಂಟುತ್ತಾ ಸಾಗಿತು. 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರು ವಯಸ್ಕರಲ್ಲಿ ಸುಮಾರು 10 ಮಂದಿಗೆ ಒಂದಿಲ್ಲೊಂದು ಮಾನಸಿಕ ತೊಂದರೆಯಿತ್ತು. ಅವರಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇಕಡಾ 70ರಿಂದ 92.

ಮಾತ್ರೆಯೊಂದೇ ಸಾಕೇ?

ಇಲ್ಲಿ ಒಂದು ಗಂಭೀರ ಪ್ರಶ್ನೆ ಏಳುತ್ತದೆ. ಬಾಡಿದವನನ್ನು ಗುರುತಿಸಿ, ವೈದ್ಯರಲ್ಲಿಗೆ ಕಳುಹಿಸಿ, ಮಾತ್ರೆ ಕೊಡಿಸಿ, ಮತ್ತೆ ಅದೇ ಹದಿನಾಲ್ಕು ಗಂಟೆಯ ಕೆಲಸಕ್ಕೆ, ಅದೇ ಬೈಗುಳಕ್ಕೆ, ಅದೇ ಮುಂಗಡದ ಸಾಲಕ್ಕೆ ಕೂರಿಸಿದರೆ ನಮ್ಮ ಹೊಣೆ ತೀರಿತೇ? ಕಾಲಿಗೆ ಮುಳ್ಳು ಚುಚ್ಚುತ್ತಿರುವಾಗಲೇ ಗಾಯಕ್ಕೆ ಮುಲಾಮು ಹಚ್ಚಿದಂತಾಗಲಿಲ್ಲವೇ?

ಹಾಗೆಂದು ಎಲ್ಲ ಮನೋರೋಗಕ್ಕೂ ಮಾಲಕನೇ ಕಾರಣವೆನ್ನುವುದೂ ಸತ್ಯವಲ್ಲ. ಕೆಲವು ಕಾಯಿಲೆಗಳು ದೇಹದ ಒಳಗಿನಿಂದಲೇ ಬರುತ್ತವೆ. ಕೆಲವು ದುಃಖಗಳು ಮನೆಯಿಂದ ಬರುತ್ತವೆ. ಅವುಗಳಿಗೆ ಔಷಧಿ ಬೇಕು, ಸಾಂತ್ವನ ಬೇಕು. ಆದರೆ ಕೆಲಸವೇ ಹೊರಿಸಿದ ಭಾರವನ್ನು ಇಳಿಸುವ ಹೊಣೆ ಕೆಲಸ ಕೊಟ್ಟವನ ಮೇಲಿದೆ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಕೆಲಸದ ಸ್ಥಳದ ಮಾನಸಿಕ ಆರೋಗ್ಯದ ಕುರಿತು ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಸೂಚಿಸುತ್ತದೆ. ಕಾರ್ಮಿಕನಿಗೆ ಸಹನೆ ಕಲಿಸುವುದು ಮಾತ್ರವಲ್ಲ, ಕೆಲಸದ ಕ್ರಮವನ್ನೇ ತಿದ್ದಬೇಕು, ಮೇಲ್ವಿಚಾರಕರಿಗೆ ತರಬೇತಿ ಕೊಡಬೇಕು, ಗುಣವಾದವನು ಕೆಲಸಕ್ಕೆ ಮರಳಲು ನೆರವಾಗಬೇಕು ಎಂಬುದು ಅದರ ಸಾರ. ಖಿನ್ನತೆ ಮತ್ತು ಆತಂಕದಿಂದಾಗಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆಂದು ಆ ಸಂಸ್ಥೆ ಅಂದಾಜು ಮಾಡಿದೆ. ಆದ್ದರಿಂದ ಲಾಭದ ಲೆಕ್ಕ ಹಾಕುವವನಿಗೂ ಇದು ಕಡೆಗಣಿಸುವ ವಿಷಯವಲ್ಲ.

ಆದರೆ ನಾವು ಲಾಭದ ಲೆಕ್ಕಕ್ಕಷ್ಟೇ ನಿಲ್ಲಬಾರದು. ಅಲ್ಲಾಹನು ತನ್ನ ಯಾವ ದಾಸನ ಮೇಲೂ ಅವನ ಶಕ್ತಿಗೆ ಮೀರಿದ ಹೊಣೆ ಹೊರಿಸುವುದಿಲ್ಲವೆಂದು ನಾವು ನಂಬುತ್ತೇವೆ. ಸೃಷ್ಟಿಕರ್ತನೇ ಮಾಡದ ಕೆಲಸವನ್ನು ನಾಲ್ಕು ಯಂತ್ರಗಳ ಒಡೆಯನಾದ ಮನುಷ್ಯನು ಮಾಡಲು ಅವನಿಗೆ ಅಧಿಕಾರ ಕೊಟ್ಟವರು ಯಾರು? ಕೈಕೆಳಗಿನವರನ್ನು ಸಹೋದರರೆಂದು ಕಾಣಬೇಕು, ಅವರಿಗೆ ಮೀರಿದ ಕೆಲಸ ಹೇಳಬಾರದು, ಹೇಳಿದರೆ ತಾನೂ ಕೈಜೋಡಿಸಬೇಕು ಎಂಬುದು ಪ್ರವಾದಿವರ್ಯರ(ಸ) ಶಿಕ್ಷಣ. ಇದರಲ್ಲಿ ದೇಹದ ಭಾರ ಮಾತ್ರ ಸೇರಿದೆ, ಮನಸ್ಸಿನ ಭಾರ ಸೇರಿಲ್ಲ ಎಂದು ಯಾರಾದರೂ ಹೇಳಬಲ್ಲರೇ?

ಇದು ವಿಶ್ವಾಸದ ದೌರ್ಬಲ್ಯವೇ?

ಈ ಮಾತು ಬಂದಾಗ ನಮ್ಮಲ್ಲಿಯೇ ಕೆಲವರು ಒಂದು ಆಕ್ಷೇಪ ಎತ್ತುತ್ತಾರೆ. 'ನಮಾಝ್ ಮಾಡುವವನಿಗೆ ಇಂತಹ ಕಾಯಿಲೆ ಏಕೆ? ವಿಶ್ವಾಸ ಗಟ್ಟಿಯಿದ್ದರೆ ಮನಸ್ಸೂ ಗಟ್ಟಿಯಿರುತ್ತದೆ' ಎನ್ನುತ್ತಾರೆ. ಇನ್ನು ಕೆಲವರು ಗಾಳಿ, ಗ್ರಹ, ಮಾಟ ಎಂದು ಹೇಳಿ ತಾಯಿತ ಕಟ್ಟುವವನ ಹತ್ತಿರ ಕಳುಹಿಸುತ್ತಾರೆ. ಇವೆರಡರಿಂದಲೂ ಆಗುವುದು ಒಂದೇ: ರೋಗಿಯು ತನ್ನ ರೋಗವನ್ನು ಬಚ್ಚಿಡುತ್ತಾನೆ.

ಪ್ರಾರ್ಥನೆಯಿಂದ ಮನಸ್ಸಿಗೆ ಸಮಾಧಾನ ಸಿಗುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಪುತ್ರ ಯೂಸುಫ್‌ರ(ಅ) ಅಗಲಿಕೆಯಲ್ಲಿ ಅತ್ತು ಅತ್ತು ಕಣ್ಣಿನ ದೃಷ್ಟಿಯನ್ನೇ ಕಳೆದುಕೊಂಡ ಪ್ರವಾದಿ ಯಅ್‌ಕೂಬ್‌ರ(ಅ) ವಿಶ್ವಾಸ ದುರ್ಬಲವಾಗಿತ್ತೇ? ಪತ್ನಿ ಖದೀಜಾ(ರ) ಮತ್ತು ದೊಡ್ಡಪ್ಪ ಅಬೂತಾಲಿಬ್ ತೀರಿಕೊಂಡ ವರ್ಷವನ್ನು ಚರಿತ್ರೆಯು 'ದುಃಖದ ವರ್ಷ' ಎಂದೇ ಕರೆದಿರುವಾಗ, ದುಃಖಿಸುವುದನ್ನು ಅಪರಾಧವೆಂದು ಕರೆಯುವವರು ನಾವು ಯಾರು? 934ರಲ್ಲಿ ನಿಧನರಾದ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖೀಯವರು ದೇಹ ಮತ್ತು ಆತ್ಮಗಳ ಪೋಷಣೆಯ ಬಗ್ಗೆ ಗ್ರಂಥವನ್ನೇ ಬರೆದು, ದೇಹದಂತೆ ಮನಸ್ಸೂ ರೋಗಕ್ಕೆ ಒಳಗಾಗುತ್ತದೆ, ಅದಕ್ಕೂ ಚಿಕಿತ್ಸೆಯಿದೆ ಎಂದು ವಿವರಿಸಿದ್ದರು. ಸಾವಿರ ವರ್ಷಗಳ ಹಿಂದೆ ಹೊಳೆದ ವಿಷಯವು ಇಂದು ನಮಗೆ ಹೊಳೆಯದಿದ್ದರೆ ಅದು ಧರ್ಮದ ದೋಷವಲ್ಲ.

ಮಾಲಕನ ಕಷ್ಟವೂ ಕಷ್ಟವೇ

ಇನ್ನೊಂದು ಆಕ್ಷೇಪವನ್ನೂ ನ್ಯಾಯವಾಗಿ ಕೇಳಬೇಕು. ಹತ್ತು ಯಂತ್ರಗಳ ಘಟಕದ ಮಾಲಕನು ಹೇಳುತ್ತಾನೆ: 'ಸರಕು ಒಯ್ದ ವ್ಯಾಪಾರಿ ಮೂರು ತಿಂಗಳಾದರೂ ಹಣ ಕೊಟ್ಟಿಲ್ಲ. ಬ್ಯಾಂಕಿನವರು ನೋಟೀಸು ಕಳುಹಿಸಿದ್ದಾರೆ. ನನಗೇ ನಿದ್ದೆಯಿಲ್ಲ, ಕೆಲಸದವನ ನಿದ್ದೆಯ ಚಿಂತೆ ನಾನು ಹೇಗೆ ಮಾಡಲಿ?'

ಈ ಮಾತಿನಲ್ಲಿ ಸುಳ್ಳಿಲ್ಲ. ದೊಡ್ಡ ನಗರದ ಖರೀದಿದಾರನು ದರ ಇಳಿಸುತ್ತಾನೆ, ಅವಧಿ ಕಡಿಮೆ ಮಾಡುತ್ತಾನೆ. ವ್ಯಾಪಾರಿಯು ಅದನ್ನು ಮಾಲಕನ ಮೇಲೆ ಹಾಕುತ್ತಾನೆ, ಮಾಲಕನು ದರ್ಜಿಯ ಮೇಲೆ. ದರ್ಜಿಯು ರಾತ್ರಿ ಮನೆಗೆ ಹೋಗಿ ಹೆಂಡತಿ ಮಕ್ಕಳ ಮೇಲೆ ರೇಗುತ್ತಾನೆ. ಹೀಗೆ ಮೇಲಿನವನು ಇಳಿಸಿದ ಭಾರವು ಕೊನೆಗೆ ಯಾವ ತಪ್ಪನ್ನೂ ಮಾಡದ ಮಗುವಿನ ಬೆನ್ನಿಗೆ ಬಂದು ನಿಲ್ಲುತ್ತದೆ. ಆದ್ದರಿಂದ ಕೊಳ್ಳುವವನು ಹೊತ್ತಿಗೆ ಸರಿಯಾಗಿ ಹಣ ಕೊಡುವುದು ಕೂಡ ಒಂದು ಮಾನಸಿಕ ಆರೋಗ್ಯದ ಕ್ರಮವೇ ಆಗಿದೆ. ವ್ಯಾಪಾರ ಮಾಡುವ ಓದುಗರು ಇದನ್ನು ವಿಶೇಷವಾಗಿ ಗಮನಿಸಬೇಕು.

ಆದರೆ ನನ್ನ ಮೇಲೆ ಅನ್ಯಾಯವಾಗಿದೆ ಎಂಬುದು ನಾನು ಇನ್ನೊಬ್ಬನ ಮೇಲೆ ಅನ್ಯಾಯ ಮಾಡಲು ಪರವಾನಗಿಯಾಗದು. ಅಷ್ಟು ಮಾತ್ರವಲ್ಲ, ಮಾಲಕನು ಮಾಡಬಹುದಾದ ಹಲವು ಕೆಲಸಗಳಿಗೆ ಒಂದು ಪೈಸೆಯೂ ಬೇಕಾಗಿಲ್ಲ.

ಮಾಡಬೇಕಾದುದೇನು?

ಒಂದನೆಯದಾಗಿ, ನಾಲಿಗೆಯನ್ನು ಬಿಗಿಹಿಡಿಯುವುದು. ತಪ್ಪಾದರೆ ಪ್ರತ್ಯೇಕವಾಗಿ ಕರೆದು ಹೇಳಬೇಕು, ಹತ್ತು ಜನರ ಮುಂದೆ ತಂದೆ ತಾಯಿಯನ್ನು ಎತ್ತಿ ಬೈಯಬಾರದು. ಮೇಸ್ತ್ರಿಗೂ ಈ ನಿಯಮವಿರಬೇಕು.

ಎರಡನೆಯದಾಗಿ, ಲೆಕ್ಕವನ್ನು ತೆರೆದಿಡುವುದು. ಕೂಲಿಗೆ ಒಂದು ನಿಶ್ಚಿತ ದಿನ, ಮುಂಗಡಕ್ಕೆ ಕೆಲಸದವನೂ ನೋಡಬಹುದಾದ ಒಂದು ಪುಸ್ತಕ. ಎಷ್ಟು ಸಾಲ ಉಳಿದಿದೆಯೆಂದು ತಿಳಿಯದಿರುವುದು ಸಾಲಕ್ಕಿಂತ ದೊಡ್ಡ ಚಿಂತೆ.

ಮೂರನೆಯದಾಗಿ, ಹೊತ್ತಿಗೆ ಮಿತಿ. ದಸರಾ, ದೀಪಾವಳಿ, ರಮಝಾನ್ ಹಬ್ಬಗಳ ಮುಂಚೆ ಕೆಲಸ ಹೆಚ್ಚಿರುವುದು ಸಹಜ. ಆಗಲೂ ಬಾಗಿಲು ಹಾಕುವ ಗಂಟೆಯೊಂದು ಇರಬೇಕು, ವಾರಕ್ಕೊಂದು ರಜೆ ಇರಬೇಕು.

ನಾಲ್ಕನೆಯದಾಗಿ, ಕಾಯಿಲೆಯ ರಜೆ. 'ಮೈ ಸರಿಯಿಲ್ಲ' ಎಂದರೆ ಸಾಕು, ಯಾವ ಕಾಯಿಲೆಯೆಂದು ಬಿಡಿಸಿ ಹೇಳುವಂತೆ ಒತ್ತಾಯಿಸಬಾರದು. ತಿಂಗಳಿಗೆ ಒಂದು ದಿನದ ಕೂಲಿಯನ್ನಾದರೂ ಇದಕ್ಕಾಗಿ ಎತ್ತಿಡಲು ಸಾಧ್ಯವೇ ಎಂದು ಯೋಚಿಸಬೇಕು.

ಐದನೆಯದಾಗಿ, ದಾರಿ ತಿಳಿದಿರುವುದು. 2022ರ ಅಕ್ಟೋಬರ್ 10ರಂದು ಆರಂಭವಾದ ಸರಕಾರದ 'ಟೆಲಿ ಮಾನಸ್' ಸೇವೆಯ ಸಂಖ್ಯೆ 14416. ಕರೆಗೆ ಹಣವಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ಬಳ್ಳಾರಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೇವೆ ಉಚಿತ. ಈ ಸಂಖ್ಯೆಯನ್ನು ಯಂತ್ರಗಳ ಪಕ್ಕದ ಗೋಡೆಯ ಮೇಲೆ ಬರೆಯಲು ಒಂದು ಸುಣ್ಣದ ಕಡ್ಡಿ ಸಾಕು. ಸಾಯುವ ಮಾತಾಡುವವನನ್ನು ಮಾತ್ರ ಗದರಿಸಬೇಡಿ, ಒಬ್ಬಂಟಿಯಾಗಿ ಬಿಡಬೇಡಿ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಆರನೆಯದು ಎಲ್ಲಕ್ಕಿಂತ ಮುಖ್ಯ: ಅವನ ಜಾಗವನ್ನು ಉಳಿಸಿಡುವುದು. ಮನೋರೋಗದ ಕೆಲವು ಔಷಧಿಗಳಿಂದ ತೂಕಡಿಕೆ ಬರುತ್ತದೆ. ಅಂತಹವನನ್ನು ಬಟ್ಟೆ ಕತ್ತರಿಸುವ ಯಂತ್ರದ ಮುಂದೆ ಕೂರಿಸುವುದು ಅಪಾಯ. ಮನೆಗೆ ಕಳುಹಿಸುವುದು ಅನ್ಯಾಯ. ನಾಲ್ಕು ವಾರ ನೂಲು ಕತ್ತರಿಸಲಿ, ಮಡಿಚಿ ಕಟ್ಟಲಿ, ಎಣಿಸಲಿ. 'ನಿನ್ನ ಜಾಗ ನಿನಗಾಗಿ ಇದೆ' ಎಂಬ ಒಂದು ಮಾತಿನಿಂದ ಸಿಗುವ ಧೈರ್ಯ ಮಾತ್ರೆಯಿಂದ ಸಿಗದು.

ಒಬ್ಬನಿಂದ ಆಗದ್ದನ್ನು ಹತ್ತು ಮಂದಿ ಸೇರಿ ಮಾಡಬಹುದು. ಒಂದು ಬೀದಿಯ ಹತ್ತು ಘಟಕಗಳ ಮೇಸ್ತ್ರಿಗಳನ್ನು ಒಂದು ದಿನ ಸೇರಿಸಿ, ಜಿಲ್ಲಾ ಕಾರ್ಯಕ್ರಮದ ವೈದ್ಯರನ್ನು ಕರೆಸಿ, ನಿದ್ದೆಗೇಡು, ಖಿನ್ನತೆ, ಕುಡಿತದ ಚಟಗಳನ್ನು ಗುರುತಿಸುವುದು ಹೇಗೆಂದು ಕೇಳಿ ತಿಳಿಯಬಹುದು. ನಾಲ್ಕು ದಶಕಗಳ ಹಿಂದೆ ಹಳ್ಳಿಯ ಆರೋಗ್ಯ ಕಾರ್ಯಕರ್ತರು ಕಲಿತದ್ದನ್ನು ಇಂದು ಮೇಸ್ತ್ರಿ ಕಲಿಯಲಾರನೇ?

ಸರಕಾರದ ಹೊಣೆಯೂ ಕಡಿಮೆಯದಲ್ಲ. 1948ರ ಕಾರ್ಖಾನೆ ಕಾಯಿದೆಯು ಕುಡಿಯುವ ನೀರು, ಶೌಚಾಲಯ, ಗಾಳಿ ಬೆಳಕು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳ ಬಗ್ಗೆ ನಿಯಮ ಮಾಡಿತು. ಮನಸ್ಸಿನ ಬಗ್ಗೆ ಮೌನವಾಗಿತ್ತು. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, 2017 ಇದಕ್ಕೆ ಚಿಕಿತ್ಸೆಯ ಹಕ್ಕನ್ನು ಸೇರಿಸಿತು. ದೇಹದ ಕಾಯಿಲೆಗಿರುವಂತೆ ಮನಸ್ಸಿನ ಕಾಯಿಲೆಗೂ ವಿಮೆ ಇರಬೇಕೆಂದು ವಿಧಿಸಿತು. ಆದರೆ ಹತ್ತು ಜನರ ತಗಡಿನ ಶೆಡ್ಡಿಗೆ ಯಾವ ಅಧಿಕಾರಿಯೂ ಬರುವುದಿಲ್ಲ, ವಿಮೆಯೂ ಇಲ್ಲ. ನೀತಿಯು ದೊಡ್ಡ ಕಂಪೆನಿಗಳ ಕಛೇರಿಗಳಿಂದ ಆರಂಭವಾಗಿ ಅಲ್ಲಿಯೇ ಮುಗಿಯಬಾರದು. ಈ ಶೆಡ್ಡುಗಳು, ಅಕ್ಕಿ ಗಿರಣಿಗಳು, ಮನೆಯಲ್ಲಿ ಕುಳಿತು ಗುಂಡಿ ಹಾಕುವ ಹೆಂಗಸರು — ಇವರೆಲ್ಲರೂ ಅದರ ಲೆಕ್ಕದೊಳಗೆ ಬರಬೇಕು.

ಪ್ರಿಯ ಓದುಗರೇ, ಕೈಕೆಳಗೆ ಒಬ್ಬನೇ ಒಬ್ಬ ಕೆಲಸದವನಿದ್ದರೂ, ಮನೆಯಲ್ಲಿ ಪಾತ್ರೆ ತೊಳೆಯುವ ಒಬ್ಬ ಹೆಂಗಸಿದ್ದರೂ ನಾವೂ ಮಾಲಕರೇ. ಅವರು ನಮಗೆ ಒಪ್ಪಿಸಿರುವುದು ಕೇವಲ ಎರಡು ಕೈಗಳನ್ನಲ್ಲ. ಆ ಕೈಗಳ ಹಿಂದೆ ಭಯ, ಆಸೆ, ಅವಮಾನಗಳನ್ನು ಅರಿಯುವ ಒಂದು ಮನಸ್ಸಿದೆ. ಅದೂ ನಮ್ಮಲ್ಲಿರುವ ಅಮಾನತು. ಅಮಾನತಿನ ಬಗ್ಗೆ ಒಂದು ದಿನ ವಿಚಾರಣೆಯಿದೆ ಎಂದು ನಂಬುವವರು ಅದಕ್ಕೆ ಇಂದೇ ಸಿದ್ಧರಾಗಬೇಕು. ನಾಳೆ ಬೆಳಿಗ್ಗೆ ಅವರು ಕೆಲಸಕ್ಕೆ ಬಂದಾಗ ಮೊದಲು ಲೆಕ್ಕ ಕೇಳಬೇಡಿ. 'ಹೇಗಿದ್ದೀರಿ? ರಾತ್ರಿ ನಿದ್ದೆ ಬಂತೇ?' ಎಂದು ಕೇಳಿ. ಉತ್ತರ ಬರುವ ತನಕ ನಿಂತುಕೊಳ್ಳಿ.